ಸರಳರೇಖೆಯ ಸಮೀಕರಣ : ಕನ್ನಡ ವಾಕ್ಯದಿಂದ ಬೀಜಗಣಿತಕ್ಕೆ

ಕನ್ನಡ ಪಂಡಿತನಿಗೂ ಬೀಜಗಣಿತಕ್ಕೂ ಏನು ಸಂಬಂಧವೆಂದು ವಾಚಕ ಮಹಾಶಯರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಛಂದಸ್ಸು, ಅಲಂಕಾರ, ವ್ಯಾಕರಣಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನು ಗಣಿತದ ಪಾಠಕ್ಕೆ ಕೈಹಾಕುವುದು ಅಧಿಕಪ್ರಸಂಗವೆನಿಸೀತು. ಆದರೆ ಪ್ರೌಢಶಾಲೆಯ ಮಕ್ಕಳು ಬೀಜಗಣಿತದಲ್ಲಿ ಎಡವುವ ಸ್ಥಳವನ್ನು ಸಮೀಪದಿಂದ ನೋಡಿದ ಶಿಕ್ಷಕರೆಲ್ಲರಿಗೂ ಒಂದು ಸಂಗತಿ ತಿಳಿದೇ ಇದೆ. ಸಮೀಕರಣವನ್ನು ಸಿದ್ಧಮಾಡಿ ಹಲಗೆಯ ಮೇಲೆ ಬರೆದುಕೊಟ್ಟರೆ ಹುಡುಗನು ಅದನ್ನು ಬಿಡಿಸಬಲ್ಲನು. ಅದೇ ವಿಷಯವನ್ನು ನಾಲ್ಕು ಸಾಲಿನ ಕನ್ನಡ ವಾಕ್ಯದಲ್ಲಿ ಹೇಳಿದರೆ ಅವನ ಲೇಖನಿ ನಿಂತುಬಿಡುತ್ತದೆ. ಅಂದರೆ ತೊಡಕಿರುವುದು ಲೆಕ್ಕದಲ್ಲಲ್ಲ, ಓದಿನಲ್ಲಿ. ಓದಿನ ತೊಡಕೆಂದ ಮೇಲೆ ಭಾಷಾ ಶಿಕ್ಷಕನು ತನಗೆ ಸಂಬಂಧವಿಲ್ಲವೆಂದು ದೂರ ನಿಲ್ಲುವಂತಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ನಮ್ಮಂತಹ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಬಹುತೇಕರು ಒಕ್ಕಲುತನದ ಮನೆಗಳವರು. ೧೯೯೭ರಲ್ಲಿ ಹಾವೇರಿ ಜಿಲ್ಲೆ ಆಗುವ ಮೊದಲು ಈ ನಾಲ್ಕೂ ತಾಲೂಕುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಜಿಲ್ಲೆ ಬದಲಾದರೂ ಮಕ್ಕಳ ಗಣಿತಭಯ ಬದಲಾಗಿಲ್ಲ. ಹೊಲದ ಗುಂಟೆ, ಪೇಟೆಯ ಧಾರಣೆ, ಆಳಿನ ಕೂಲಿ ಇವುಗಳ ಲೆಕ್ಕವನ್ನು ಬಾಯಲ್ಲೇ ಹೇಳುವ ಮನೆಯ ಹುಡುಗನು ಹತ್ತನೆಯ ತರಗತಿಯಲ್ಲಿ ಗಣಿತವೊಂದರಲ್ಲೇ ಅನುತ್ತೀರ್ಣನಾಗಿ ವಿದ್ಯೆಗೆ ಶರಣು ಹೊಡೆಯುವುದು ಎಷ್ಟು ದುಃಖದ ಮಾತು! ಆದ್ದರಿಂದ ಸರಳರೇಖೆಯ ಸಮೀಕರಣವನ್ನು ಬರೆಯುವ ಬಗೆಯನ್ನು, ಕನ್ನಡ ವಾಕ್ಯದ ಕೈಹಿಡಿದುಕೊಂಡೇ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

೧. ಅವ್ಯಕ್ತಕ್ಕೆ ಹೆಸರಿಡುವುದು

ತಿಳಿಯದ ಸಂಖ್ಯೆಗೆ ಅಕ್ಷರವನ್ನಿಡುವ ಪದ್ಧತಿ ಪರದೇಶದಿಂದ ಬಂದ ವಿಚಿತ್ರವೆಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ಕ್ರಿ.ಶ. ೬೨೮ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಅವ್ಯಕ್ತ ರಾಶಿಗಳನ್ನು ಬಣ್ಣಗಳ ಹೆಸರಿನಿಂದ ಕರೆದನು. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ಮುಗಿಸಿದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಮೊದಲ ಅವ್ಯಕ್ತವನ್ನು ‘ಯಾವತ್ತಾವತ್’ ಎಂದೂ, ಅನಂತರದವುಗಳನ್ನು ಕಾಲಕ, ನೀಲಕ, ಪೀತಕ, ಲೋಹಿತಕ ಎಂದೂ ಕರೆದಿದ್ದಾನೆ. ಬರೆಯುವಾಗ ಮೊದಲ ಅಕ್ಷರಗಳಷ್ಟೇ ಸಾಕು: ಯಾ, ಕಾ, ನೀ. ಅವ್ಯಕ್ತವಿಲ್ಲದ ಬರಿಯ ಸಂಖ್ಯೆಗೆ ‘ರೂಪ’ವೆಂದು ಹೆಸರು. ಋಣಸಂಖ್ಯೆಯ ಮೇಲೆ ಒಂದು ಚುಕ್ಕಿ. ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆದು, ಯಾ ಕೆಳಗೆ ಯಾ, ರೂಪದ ಕೆಳಗೆ ರೂಪ ಬರುವಂತೆ ಇಡುತ್ತಿದ್ದರು.

ಯಾವತ್ತಾವತ್ ಎಂದರೇನು? ‘ಎಷ್ಟೋ ಅಷ್ಟು’ ಎಂದರ್ಥ. ಈ ಎರಡು ಪದಗಳಲ್ಲಿ ಬೀಜಗಣಿತದ ಸಾರವೆಲ್ಲ ಅಡಗಿದೆ. ‘ಎಷ್ಟು ಚೀಲವೋ ಅಷ್ಟು ಹದಿನೈದು ರೂಪಾಯಿ’ ಎನ್ನುವ ಗಾಡಿಯವನು ತನಗರಿಯದೆಯೇ ಸಮೀಕರಣವನ್ನು ಹೇಳುತ್ತಿದ್ದಾನೆ. ಈ ಲೇಖನದಲ್ಲಿ ಪಠ್ಯಪುಸ್ತಕದ ಎಕ್ಸ್ ಮತ್ತು ವೈ ಎಂಬ ಅಕ್ಷರಗಳ ಬದಲಾಗಿ ಭಾಸ್ಕರನ ಯಾ ಮತ್ತು ಕಾಗಳನ್ನೇ ಬಳಸುತ್ತೇನೆ. ಯಾ ಎಂದರೆ ನಾವು ಇಚ್ಛೆಯಂತೆ ಆರಿಸಿಕೊಳ್ಳುವ ಸಂಖ್ಯೆ. ಕಾ ಎಂದರೆ ಅದನ್ನು ಅನುಸರಿಸಿ ಬರುವ ಸಂಖ್ಯೆ.

೨. ತ್ರೈರಾಶಿಕವೆಂಬ ಮೊದಲ ರೇಖೆ

ಒಂದು ಎಕರೆಗೆ ನಲವತ್ತು ಗುಂಟೆ. ಒಂದು ಗುಂಟೆಯೆಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲದ ನೆಲ, ಅಂದರೆ ೧೦೮೯ ಚದರ ಅಡಿ. ಎಕರೆಗಳ ಸಂಖ್ಯೆ ಯಾ ಆದರೆ ಗುಂಟೆಗಳ ಸಂಖ್ಯೆ ಕಾ:

ಕಾ = ೪೦ ಯಾ

ಇದು ನಮ್ಮ ಹಿರಿಯರ ತ್ರೈರಾಶಿಕವೇ. ಆರ್ಯಭಟನು ೪೯೯ರಲ್ಲಿ ಈ ವಿಧಿಯನ್ನು ಹೇಳಿದ್ದಾನೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆ ಚಕ್ರವರ್ತಿಯ ದಂಡನಾಯಕ ಬಂಕೇಶನ ಹೆಸರನ್ನು ಇಂದಿಗೂ ಹೊತ್ತಿರುವ ಬಂಕಾಪುರವು ಶಿಗ್ಗಾಂವಿ ತಾಲೂಕಿನಲ್ಲಿದೆ ಎಂಬುದನ್ನು ನೆನೆದರೆ, ಗಣಿತವು ನಮ್ಮ ನೆಲಕ್ಕೆ ಹೊರಗಿನದಲ್ಲವೆಂಬುದು ಮಕ್ಕಳ ಮನಸ್ಸಿಗೆ ನಾಟೀತು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿ, ಈ ಶಾಸ್ತ್ರವನ್ನು ಹೇಳಲು ನಮ್ಮ ನುಡಿಗೆ ಶಕ್ತಿಯುಂಟೆಂದು ತೋರಿಸಿಕೊಟ್ಟನು.

ತ್ರೈರಾಶಿಕದಲ್ಲಿ ಪ್ರಮಾಣ, ಫಲ, ಇಚ್ಛೆ ಎಂದು ಮೂರು ರಾಶಿಗಳು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ ಬರುತ್ತದೆ. ೨ ಎಕರೆಗೆ ೮೦ ಗುಂಟೆಯಾದರೆ ೫ ಎಕರೆಗೆ ಎಷ್ಟು? ೮೦ × ೫ ÷ ೨ = ೨೦೦ ಗುಂಟೆ. ಇಲ್ಲಿ ಫಲವನ್ನು ಪ್ರಮಾಣದಿಂದ ಭಾಗಿಸಿದಾಗ ಬರುವ ೪೦ ಎಂಬ ಸಂಖ್ಯೆಯು ಯಾವಾಗಲೂ ಬದಲಾಗದು. ಇಂದಿನ ಗಣಿತವು ಇದನ್ನೇ ರೇಖೆಯ ‘ಇಳಿಜಾರು’ ಎನ್ನುತ್ತದೆ. ಏರುವ ರೇಖೆಗೂ ಇಳಿಜಾರೆಂಬ ಹೆಸರೇಕೆ ಎಂದು ಜಾಣ ಮಕ್ಕಳು ಕೇಳುವುದುಂಟು. ಏರಿದರೆ ಧನ ಇಳಿಜಾರು, ಇಳಿದರೆ ಋಣ ಇಳಿಜಾರು ಎಂದು ಸಮಾಧಾನ ಹೇಳಬೇಕು.

೩. ರೂಪವು ಸೇರಿದಾಗ

ಈಗ ಹಾನಗಲ್ಲ ಸೀಮೆಯ ರೈತನೊಬ್ಬನು ಭತ್ತದ ಚೀಲಗಳನ್ನು ಪೇಟೆಗೆ ಕಳಿಸುತ್ತಾನೆಂದು ಇಟ್ಟುಕೊಳ್ಳೋಣ. ಗಾಡಿಯವನ ಷರತ್ತು ಹೀಗಿದೆ: “ಗಾಡಿ ಹೊರಟಿತೆಂದರೆ ಮುನ್ನೂರು ರೂಪಾಯಿ, ಮೇಲೆ ಚೀಲಕ್ಕೆ ಹದಿನೈದು.” ಚೀಲಗಳು ಯಾ, ಒಟ್ಟು ಬಾಡಿಗೆ ಕಾ ಎಂದಾದರೆ,

ಕಾ = ೧೫ ಯಾ + ೩೦೦

೨೦ ಚೀಲಕ್ಕೆ ೧೫ × ೨೦ + ೩೦೦ = ೬೦೦ ರೂಪಾಯಿ. ೪೦ ಚೀಲಕ್ಕೆಷ್ಟು? ತ್ರೈರಾಶಿಕದ ಅಭ್ಯಾಸವಿರುವ ಹುಡುಗನು ಚೀಲ ಇಮ್ಮಡಿಯಾದರೆ ಬಾಡಿಗೆಯೂ ಇಮ್ಮಡಿಯೆಂದು ೧೨೦೦ ಎಂದುಬಿಡುತ್ತಾನೆ. ನಿಜವಾದ ಉತ್ತರ ೧೫ × ೪೦ + ೩೦೦ = ೯೦೦. ಗಾಡಿ ಹೊರಡುವ ಮುನ್ನೂರು ರೂಪಾಯಿ ಚೀಲ ಎಷ್ಟೇ ಇರಲಿ ಒಂದೇ ಸಲ ಕೊಡತಕ್ಕದ್ದು, ಅದು ಇಮ್ಮಡಿಯಾಗುವುದಿಲ್ಲ. ಭಾಸ್ಕರನು ರೂಪವೆಂದು ಕರೆದ ಸಂಖ್ಯೆಯೇ ಇಲ್ಲಿಯ ೩೦೦. ಆದ್ದರಿಂದ ಮಕ್ಕಳಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ಯಾ ಸೊನ್ನೆಯಾದಾಗ ಕಾ ಎಷ್ಟು?’ ಉತ್ತರ ಸೊನ್ನೆಯಾದರೆ ತ್ರೈರಾಶಿಕ ನಡೆಯುತ್ತದೆ; ಸೊನ್ನೆಯಲ್ಲದಿದ್ದರೆ ನಡೆಯುವುದಿಲ್ಲ. ಈ ಒಂದು ಪ್ರಶ್ನೆ ಅನೇಕ ತಪ್ಪುಗಳನ್ನು ತಡೆಯಬಲ್ಲದು.

೪. ವಿಭಕ್ತಿಯಿಂದ ಗುರುತು ಹಿಡಿಯುವುದು

ಸರಳರೇಖೆಯ ಸಮೀಕರಣಕ್ಕೆ ಬೇಕಾದವು ಎರಡೇ: ಇಳಿಜಾರು ಮತ್ತು ರೂಪ. ಕನ್ನಡ ವಾಕ್ಯದಲ್ಲಿ ಇವನ್ನು ಕಂಡುಹಿಡಿಯುವ ಬಗೆ ಹೇಗೆ? ಇಲ್ಲಿ ವ್ಯಾಕರಣವು ನೆರವಿಗೆ ಬರುತ್ತದೆ.

‘ಚೀಲಕ್ಕೆ ಹದಿನೈದು’, ‘ದಿನಕ್ಕೆ ಎರಡು’, ‘ಆಳಿಗೆ ನಾಲ್ಕು ನೂರು’, ‘ಎಕರೆಗೆ ನಲವತ್ತು’ ಈ ಮಾತುಗಳನ್ನು ಗಮನಿಸಿರಿ. ಎಲ್ಲೆಡೆಯೂ ಚತುರ್ಥೀ ವಿಭಕ್ತಿ. ಕನ್ನಡದಲ್ಲಿ ದರವನ್ನು ಹೇಳುವ ಸಹಜ ಮಾರ್ಗವೇ ಚತುರ್ಥಿ. ‘ಗೆ’, ‘ಕ್ಕೆ’ ಪ್ರತ್ಯಯ ಹೊತ್ತ ಪದವೇ ಯಾ. ಅದರ ಮುಂದಿನ ಸಂಖ್ಯೆಯೇ ಇಳಿಜಾರು. ಆದರೆ ಎಲ್ಲ ಚತುರ್ಥಿಯೂ ದರವನ್ನು ಸೂಚಿಸದು. ‘ಹಾನಗಲ್ಲಿಗೆ ಹೋದನು’ ಎಂಬಲ್ಲಿ ಚತುರ್ಥಿಯುಂಟು, ದರವಿಲ್ಲ. ಪರೀಕ್ಷೆ ಸುಲಭ: ಪದದ ಹಿಂದೆ ‘ಪ್ರತಿ’ ಎಂಬುದನ್ನು ಇಟ್ಟು ನೋಡಬೇಕು. ‘ಪ್ರತಿ ಚೀಲಕ್ಕೆ’ ಎಂಬುದು ಸಲ್ಲುತ್ತದೆ. ‘ಪ್ರತಿ ಹಾನಗಲ್ಲಿಗೆ’ ಎಂಬುದು ಸಲ್ಲದು. ‘ಒಂದೊಂದಕ್ಕೆ’, ‘ಹತ್ತತ್ತು’ ಎಂಬ ದ್ವಿರುಕ್ತಿಗಳೂ ‘ತಲಾ’ ಎಂಬ ಅವ್ಯಯವೂ ಇದೇ ಇಳಿಜಾರಿನ ಚಿಹ್ನೆಗಳು.

ರೂಪದ ಗುರುತುಗಳು ಬೇರೆ. ‘ಮೊದಲೇ’, ‘ಇದ್ದೇ ಇರುವ’, ‘ಒಂದೇ ಸಲ’, ‘ಎಷ್ಟೇ ಇರಲಿ’ ಎಂಬ ಮಾತುಗಳು ಬದಲಾಗದ ಅಂಶವನ್ನು ಸೂಚಿಸುತ್ತವೆ. ಇನ್ನು ‘ಅಳತೆ ತೊಡಗಿದ ದಿನದಿಂದ’, ‘ಹೊರಟ ಊರಿನಿಂದ’ ಎಂಬಲ್ಲಿ ಅಪಾದಾನಾರ್ಥದ ‘ಇಂದ’ ಬಂದರೆ ಅದು ಯಾ ಎಂಬುದನ್ನು ಎಲ್ಲಿಂದ ಎಣಿಸಬೇಕೆಂಬ ಸೊನ್ನೆಯ ಸ್ಥಾನವನ್ನು ತೋರುತ್ತದೆ.

ಸೊನ್ನೆಯ ಸ್ಥಾನವು ಮರೆಯಲ್ಲಿರುವ ಒಂದು ವಾಕ್ಯವನ್ನು ನೋಡೋಣ: “ಮೊದಲ ಐದು ಚೀಲಗಳಿಗೆ ಒಟ್ಟು ಮುನ್ನೂರು, ಆಮೇಲಿನ ಚೀಲಕ್ಕೆ ಹದಿನೈದರಂತೆ.” ಇಲ್ಲಿ ದರವು ಐದರ ಮೇಲಿನ ಚೀಲಗಳಿಗೆ ಮಾತ್ರ. ಅವುಗಳ ಸಂಖ್ಯೆ ಯಾ − ೫. ಆದ್ದರಿಂದ,

ಕಾ = ೩೦೦ + ೧೫ (ಯಾ − ೫)

ಆವರಣವನ್ನು ಬಿಡಿಸಿದರೆ ಕಾ = ೧೫ ಯಾ + ೨೨೫. ತಾಳೆ ನೋಡಿದರೆ, ಯಾ ೫ ಆದಾಗ ೭೫ + ೨೨೫ = ೩೦೦; ಸರಿಯಾಗಿದೆ. ಈ ಸಮೀಕರಣವು ಐದು ಅಥವಾ ಅದಕ್ಕಿಂತ ಹೆಚ್ಚು ಚೀಲಗಳಿಗೆ ಮಾತ್ರ ಅನ್ವಯಿಸುತ್ತದೆ. ರೇಖೆಯ ಮೇಲಿನ ಒಂದು ಬಿಂದುವೂ ಇಳಿಜಾರೂ ಗೊತ್ತಿದ್ದರೆ ಸಮೀಕರಣವನ್ನು ಬರೆಯುವ ವಿಧಿ ಇದೇ. ಸೂತ್ರವನ್ನು ಉರುಹೊಡೆಯಬೇಕಿಲ್ಲ, ‘ಆಮೇಲಿನ’ ಎಂಬ ಪದದ ಅರ್ಥವನ್ನು ಅರಿತರೆ ಸಾಕು.

೫. ರೇಖೆಯನ್ನು ಎಳೆಯುವ ಕ್ರಮ

ಸಮೀಕರಣಕ್ಕೆ ರೇಖೆಯ ರೂಪವನ್ನು ಕೊಟ್ಟ ಕೀರ್ತಿ ಹದಿನೇಳನೆಯ ಶತಮಾನದ ಫ್ರಾನ್ಸ್ ದೇಶದ ವಿದ್ವಾಂಸರಾದ ದೆಕಾರ್ತ್ ಮತ್ತು ಫರ್ಮಾ ಅವರಿಗೆ ಸಲ್ಲಬೇಕು. ದೆಕಾರ್ತ್‌ನ ಗ್ರಂಥವು ೧೬೩೭ರಲ್ಲಿ ಪ್ರಕಟವಾಯಿತು. ಅಡ್ಡವಾಗಿ ಒಂದು ಅಕ್ಷ, ನೆಟ್ಟಗೆ ಒಂದು ಅಕ್ಷ. ಅವು ಕೂಡುವಲ್ಲಿ ಮೂಲಬಿಂದು. ಯಾ ಬೆಲೆಯಷ್ಟು ಅಡ್ಡಕ್ಕೆ ನಡೆದು, ಕಾ ಬೆಲೆಯಷ್ಟು ಮೇಲಕ್ಕೆ ಏರಿದರೆ ಒಂದು ಬಿಂದು ದೊರೆಯುತ್ತದೆ. ಗಾಡಿಯ ಬಾಡಿಗೆಗೆ (೦, ೩೦೦), (೧೦, ೪೫೦), (೨೦, ೬೦೦) ಎಂಬ ಬಿಂದುಗಳನ್ನು ಗುರುತಿಸಿದರೆ ಮೂರೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಆ ಗೆರೆಯು ನೆಟ್ಟನೆಯ ಅಕ್ಷವನ್ನು ಕಡಿಯುವ ಸ್ಥಳವೇ ರೂಪ. ಗುಂಟೆಯ ರೇಖೆಯಾದರೋ ಮೂಲಬಿಂದುವಿನ ಮೂಲಕವೇ ಹಾದುಹೋಗುತ್ತದೆ.

ಇಳಿಜಾರು ಸೊನ್ನೆಯಾದರೆ? ‘ಚೀಲ ಎಷ್ಟೇ ಇರಲಿ, ಮುನ್ನೂರು’ ಎಂದಾಯಿತು: ಕಾ = ೩೦೦. ಇದು ಮಲಗಿದ ರೇಖೆ. ಯಾ = ೫ ಎಂಬುದು ನಿಂತ ರೇಖೆ; ಅದಕ್ಕೆ ಇಳಿಜಾರಿನ ಸಂಖ್ಯೆಯನ್ನು ಹೇಳಲು ಬರುವುದಿಲ್ಲ, ಏಕೆಂದರೆ ಅಡ್ಡನಡೆ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ. ದರ ಒಂದೇ ಆಗಿ ರೂಪ ಮಾತ್ರ ಬೇರೆಯಾದ ಎರಡು ಗಾಡಿಗಳ ರೇಖೆಗಳು ಎಂದಿಗೂ ಕೂಡದ ಸಮಾಂತರ ರೇಖೆಗಳು.

೬. ಎರಡು ಸಂಗತಿಗಳಿಂದ ಒಂದು ರೇಖೆ

ಕೆಲವೊಮ್ಮೆ ದರವನ್ನು ಯಾರೂ ಹೇಳುವುದಿಲ್ಲ. ಎರಡು ಅಳತೆಗಳು ಮಾತ್ರ ಸಿಗುತ್ತವೆ. ಹಿರೇಕೆರೂರು ಸೀಮೆಯ ಮದಗ-ಮಾಸೂರಿನ ಕೆರೆಯಂತಹ ಒಂದು ಕೆರೆಯನ್ನು ಕಲ್ಪಿಸಿಕೊಳ್ಳೋಣ. ಬೇಸಗೆಯಲ್ಲಿ ಅಳತೆ ತೊಡಗಿದ ಐದನೆಯ ದಿನ ನೀರಿನ ಆಳ ೩೪೦ ಸೆಂಟಿಮೀಟರ್, ಹದಿನೈದನೆಯ ದಿನ ೩೨೦ ಸೆಂಟಿಮೀಟರ್ ಎಂದಿರಲಿ. ಹತ್ತು ದಿನಗಳಲ್ಲಿ ೨೦ ಇಳಿದಿದೆ, ದಿನಕ್ಕೆ ೨. ಇಳಿದಿರುವುದರಿಂದ ಇಳಿಜಾರು −೨. ಐದನೆಯ ದಿನದಿಂದ ಹಿಂದಕ್ಕೆ ಐದು ದಿನ ಹೋದರೆ ೧೦ ಕೂಡಬೇಕು. ಆದ್ದರಿಂದ ರೂಪ ೩೫೦.

ಕಾ = −೨ ಯಾ + ೩೫೦

ಯಾ ೧೫ ಆದಾಗ −೩೦ + ೩೫೦ = ೩೨೦; ತಾಳೆಯಾಯಿತು. ಆಳವು ೨೫೦ಕ್ಕೆ ಇಳಿಯುವುದು ಯಾವ ದಿನ? ೨ ಯಾ = ೧೦೦, ಯಾ = ೫೦; ಐವತ್ತನೆಯ ದಿನ. ಆದರೆ ೧೭೫ನೆಯ ದಿನ ಕೆರೆ ಬರಿದಾಗುವುದೆಂದು ಈ ಸಮೀಕರಣವನ್ನು ನಂಬಿ ಸಾರುವುದು ವಿವೇಕವಲ್ಲ. ನಡುವೆ ಮಳೆ ಬಂದೀತು. ಬಿಸಿಲಿನ ತಾಪ ಹೆಚ್ಚು ಕಡಿಮೆಯಾದೀತು. ಕೆರೆಯ ಒಡಲು ತಳಕ್ಕೆ ಹೋದಂತೆ ಕಿರಿದಾಗುವುದರಿಂದ ಕಾಲುವೆಗೆ ಬಿಡುವ ನೀರು ಅಷ್ಟೇ ಇದ್ದರೂ ಆಳವು ಬೇಗ ಇಳಿದೀತು. ಎರಡು ಬಿಂದುಗಳಿಂದ ರೇಖೆಯನ್ನು ಎಳೆಯುವುದು ಗಣಿತ. ಆ ರೇಖೆಯನ್ನು ಎಷ್ಟು ದೂರ ನಂಬಬೇಕೆಂದು ತಿಳಿಯುವುದು ವಿವೇಕ. ಎರಡನ್ನೂ ಶಾಲೆಯಲ್ಲಿಯೇ ಕಲಿಸಬೇಕು.

ಎರಡು ಬಿಂದುಗಳು ಖಚಿತವಾಗಿದ್ದು, ರೇಖೆಯೂ ಖಚಿತವಾದ ಉದಾಹರಣೆ ಉಷ್ಣಮಾಪಕದ್ದು. ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್‌ನಲ್ಲಿ ೦, ಫ್ಯಾರನ್‌ಹೀಟ್‌ನಲ್ಲಿ ೩೨. ಕುದಿಯುವುದು ೧೦೦ ಮತ್ತು ೨೧೨. ನೂರು ಹೆಜ್ಜೆಗೆ ೧೮೦ರ ಏರಿಕೆ. ಇಳಿಜಾರು ೧೮೦ ÷ ೧೦೦, ಅಂದರೆ ೯/೫. ಹೀಗೆ ಕಾ = (೯/೫) ಯಾ + ೩೨. ಯಾ ೩೭ ಆದರೆ ಕಾ ೯೮.೬, ವೈದ್ಯರು ಹೇಳುವ ಆರೋಗ್ಯವಂತನ ಮೈಶಾಖ ಇದೇ ಅಲ್ಲವೆ?

೭. ಅನ್ವಯ ಮಾಡುವುದು

ಹಳಗನ್ನಡ ಪದ್ಯವನ್ನು ಓದಿಸುವಾಗ ಮೊದಲು ಅನ್ವಯ ಮಾಡಿಸುತ್ತೇವೆ. ಕರ್ತೃ ಎಲ್ಲಿದೆ, ಕ್ರಿಯಾಪದ ಎಲ್ಲಿದೆ ಎಂದು ಹುಡುಕಿ ಗದ್ಯದ ಕ್ರಮಕ್ಕೆ ತಂದಾಗ ಅರ್ಥವು ಬೆಳಕಿಗೆ ಬರುತ್ತದೆ. ಪದಗಳು ಸ್ಥಳ ಬದಲಿಸಿದರೂ ಅರ್ಥ ಕೆಡುವುದಿಲ್ಲ. ಸಮೀಕರಣಕ್ಕೂ ಈ ಸಂಸ್ಕಾರ ಬೇಕು. ೨೦ ರೂಪಾಯಿಯ ಯಾ ನೋಟುಬುಕ್ಕುಗಳನ್ನೂ ೩೦ ರೂಪಾಯಿಯ ಕಾ ನೋಟುಬುಕ್ಕುಗಳನ್ನೂ ಕೊಂಡು ಸರಿಯಾಗಿ ೧೨೦ ರೂಪಾಯಿ ವೆಚ್ಚ ಮಾಡಿದರೆ,

೨೦ ಯಾ + ೩೦ ಕಾ = ೧೨೦

ಎಲ್ಲವನ್ನೂ ೧೦ರಿಂದ ಭಾಗಿಸಿದರೆ ೨ ಯಾ + ೩ ಕಾ = ೧೨. ಕಾ ಒಂದನ್ನೇ ಎಡಕ್ಕೆ ಉಳಿಸಿದರೆ ಕಾ = ೪ − (೨/೩) ಯಾ. ಈಗ ಅನ್ವಯವಾಯಿತು: ರೂಪ ೪, ಇಳಿಜಾರು −೨/೩. ರೇಖೆಯ ಮೇಲೆ ಅಸಂಖ್ಯ ಬಿಂದುಗಳಿದ್ದರೂ ಅಂಗಡಿಯಲ್ಲಿ ಅರ್ಧ ಪುಸ್ತಕ ಮಾರುವುದಿಲ್ಲವಾದ್ದರಿಂದ ಸಲ್ಲುವ ಉತ್ತರಗಳು ಮೂರೇ: (೦, ೪), (೩, ೨), (೬, ೦).

೮. ಎರಡು ರೇಖೆಗಳು ಕೂಡುವಲ್ಲಿ

ಮತ್ತೆ ಗಾಡಿಯ ಮಾತಿಗೆ ಬರೋಣ. ಎರಡನೆಯ ಗಾಡಿಯವನು “ಹೊರಡುವುದಕ್ಕೆ ನಾಲ್ಕು ನೂರು, ಚೀಲಕ್ಕೆ ಹತ್ತು” ಎನ್ನುತ್ತಾನೆ. ಇವನ ಸಮೀಕರಣ ಕಾ = ೧೦ ಯಾ + ೪೦೦. ಯಾರ ಗಾಡಿ ಅಗ್ಗ? ಇಬ್ಬರ ಬಾಡಿಗೆಯೂ ಸಮನಾಗುವ ಸ್ಥಳವನ್ನು ಮೊದಲು ಹುಡುಕಬೇಕು.

೧೫ ಯಾ + ೩೦೦ = ೧೦ ಯಾ + ೪೦೦
೫ ಯಾ = ೧೦೦
ಯಾ = ೨೦

೨೦ ಚೀಲಕ್ಕೆ ಇಬ್ಬರೂ ೬೦೦ ರೂಪಾಯಿಯನ್ನೇ ಕೇಳುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಮೊದಲನೆಯವನು ಲೇಸು: ೧೦ ಚೀಲಕ್ಕೆ ಅವನದು ೪೫೦, ಇವನದು ೫೦೦. ಹೆಚ್ಚಾದರೆ ಎರಡನೆಯವನು ಲೇಸು: ೪೦ ಚೀಲಕ್ಕೆ ಅವನದು ೯೦೦, ಇವನದು ೮೦೦. ಸಣ್ಣ ಹಿಡುವಳಿಯ ರೈತನಿಗೂ ದೊಡ್ಡ ಹಿಡುವಳಿಯ ರೈತನಿಗೂ ಉತ್ತರ ಬೇರೆ ಬೇರೆ. ಸವಣೂರಿನ ಎಲೆಯ ವ್ಯಾಪಾರಿಗೂ, ಸಾಲದ ಎರಡು ಷರತ್ತುಗಳನ್ನು ತೂಗಿನೋಡುವ ತಾಯಿಗೂ ಇದೇ ವಿಚಾರ ಬೇಕಾಗುತ್ತದೆ. ‘ಹೊರಡುವ ಹಣ ಕಡಿಮೆ’ ಎಂಬುದೊಂದನ್ನೇ ಕೇಳಿ ಒಪ್ಪಿಕೊಳ್ಳುವವನು ದರದಲ್ಲಿ ಮೋಸಹೋಗುತ್ತಾನೆ. ‘ದರ ಕಡಿಮೆ’ ಎಂಬುದೊಂದನ್ನೇ ಕೇಳುವವನು ರೂಪದಲ್ಲಿ ಮೋಸಹೋಗುತ್ತಾನೆ. ರೂಪವನ್ನೂ ಇಳಿಜಾರನ್ನೂ ಒಟ್ಟಿಗೆ ನೋಡಬಲ್ಲವನನ್ನು ಮೋಸಗೊಳಿಸುವುದು ಕಷ್ಟ. ಈ ಪಾಠದ ಪ್ರಯೋಜನವು ಪರೀಕ್ಷೆಯ ಅಂಕಗಳಿಗಿಂತ ದೊಡ್ಡದೆಂದು ನಾನು ಭಾವಿಸುವುದು ಈ ಕಾರಣದಿಂದ.

೯. ಒಂದು ವಿಜ್ಞಾಪನೆ

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ವಾರದಲ್ಲಿ ಒಂದು ಅವಧಿಯನ್ನು ಕನ್ನಡ ಶಿಕ್ಷಕರೂ ಗಣಿತ ಶಿಕ್ಷಕರೂ ಕೂಡಿ ನಡೆಸಬೇಕು. ಆ ಅವಧಿಯಲ್ಲಿ ಲೆಕ್ಕ ಬಿಡಿಸುವುದು ಬೇಡ. ವಾಕ್ಯವನ್ನು ಓದಿ ಯಾ ಯಾವುದು, ಕಾ ಯಾವುದು, ದರವನ್ನು ಹೇಳುವ ಪದ ಯಾವುದು, ಬದಲಾಗದ ಅಂಶ ಯಾವುದು ಎಂದು ಗುರುತಿಸಿ ಸಮೀಕರಣವನ್ನು ಬರೆಯುವಷ್ಟೇ ಕೆಲಸ. ಅನಂತರ ಅದಕ್ಕೆ ವಿಪರ್ಯಯವಾಗಿ, ಒಂದು ಸಮೀಕರಣವನ್ನು ಕೊಟ್ಟು ಅದಕ್ಕೊಪ್ಪುವ ಕನ್ನಡ ವಾಕ್ಯವನ್ನು ಮಕ್ಕಳಿಂದಲೇ ರಚಿಸಬೇಕು. ತನ್ನ ಊರಿನ ಸಂತೆ, ಹೊಲ, ಕೆರೆಗಳಿಂದ ವಾಕ್ಯವನ್ನು ಕಟ್ಟಬಲ್ಲ ವಿದ್ಯಾರ್ಥಿಯು ಪ್ರಶ್ನಪತ್ರಿಕೆಯ ವಾಕ್ಯಕ್ಕೆ ಹೆದರುವುದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಇನ್ನೊಂದು ಅರಿಕೆ. ಶ್ರೀಮಠದ ಆಶ್ರಯದಲ್ಲಿ ಕಟ್ಟಡಗಳು ಎದ್ದಿರುವುದು ತಮ್ಮ ಔದಾರ್ಯದಿಂದಲೇ. ಪ್ರತಿಯೊಂದು ಪ್ರೌಢಶಾಲಾ ಕೋಣೆಗೆ ಚೌಕುಳಿ ಗೆರೆಗಳಿರುವ ಒಂದು ಕರಿಹಲಗೆ, ಪ್ರತಿಯೊಂದು ಮಗುವಿಗೆ ವರ್ಷಕ್ಕೊಂದು ನಕ್ಷೆಯ ಪುಸ್ತಕ, ಇವಿಷ್ಟು ಒದಗಿದರೆ ಈ ಪಾಠವು ಕಣ್ಣಿಗೆ ಕಾಣುವಂತಾಗುತ್ತದೆ. ಇದು ದೊಡ್ಡ ವೆಚ್ಚದ ಕಾರ್ಯವಲ್ಲ. ಹಲಗೆಗೆ ಒಂದೇ ಸಲ ಕೊಡುವ ಹಣ ರೂಪ. ಮಗುವಿಗೆ ವರ್ಷಕ್ಕೊಂದರಂತೆ ಕೊಡುವ ಪುಸ್ತಕ ಇಳಿಜಾರು. ಈ ಕೊಡುಗೆಯ ಸಮೀಕರಣವನ್ನು ಬರೆಯುವ ಕೆಲಸವನ್ನು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೇ ಒಪ್ಪಿಸಬಹುದು.

ಶುಭಂ ಭವತು.